ಸಾರುವೆ ಬಿಚ್ಚುವ ಪಾಠ

ರೋಂಡಾ ವೀಗಂಡ್ ಮಕ್ಕಳನ್ನು ಪ್ರೀತಿಸುತ್ತಿದ್ದಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಕಥೆ ಮುಗಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಯಾವ ಹುಡುಗನ ಹುಟ್ಟುಹಬ್ಬವಾದರೂ ಮನೆಯಿಂದ ಬಿಸ್ಕತ್ತು ಮಾಡಿ ತರುವವಳು. ಕೈಗವಸು ಮರೆತು ಬಂದವರಿಗೆಂದೇ ಮೇಜಿನ ಕೆಳಗೆ ಒಂದು ಡಬ್ಬಿ ತುಂಬ ಉಣ್ಣೆಯ ಕೈಗವಸು ಇಟ್ಟವಳು. ಕ್ರೂರಿಗಳೆಂದರೆ ಹಲ್ಲು ಕಡಿಯುವವರು, ಬೆತ್ತ ಹಿಡಿದವರು ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಬಿಸ್ಕತ್ತು ಮಾಡುವವರಿಂದಲೂ ಆ ಕೆಲಸ ಸಲೀಸಾಗಿ ಆಗುತ್ತದೆ.

ವಿಸ್ಕಾನ್ಸಿನ್‌ನ ಒಂದು ಡೈರಿ ಊರಿನ ಹೈಸ್ಕೂಲಿನಲ್ಲಿ ಅವಳು ಬೀಜಗಣಿತದ ಟೀಚರು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮೂರನೆಯ ವರ್ಷದ ಕೊನೆಗೆ ಇಟ್ಟುಕೊಳ್ಳುತ್ತಾರೋ ಮನೆಗೆ ಕಳಿಸುತ್ತಾರೋ ಎನ್ನುವುದು ತೀರ್ಮಾನವಾಗುತ್ತದೆ, ಆ ಮೂರನೆಯ ವರ್ಷ ಈಗ ನಡೆಯುತ್ತಿತ್ತು. ಗಂಡನ ಟ್ರಾಕ್ಟರ್ ಅಂಗಡಿ ಮುಚ್ಚಿ ಅವನು ಮನೆಯಲ್ಲಿ ಟೀವಿ ಮುಂದೆ ಕೂತಿದ್ದರಿಂದ ಅವಳು ಈ ಕೆಲಸವನ್ನು ಗಟ್ಟಿಯಾಗಿ ತಬ್ಬಿಕೊಂಡಿದ್ದಳು.

ಅವಳು ಪಾಠ ಮಾಡುವ ರೀತಿ ಆ ಶಾಲೆಯಲ್ಲಿ ಹೆಸರಾಗಿತ್ತು. ಗೋಡೆ ಏಳುವ ತನಕ ಬಿದಿರು ಗಳಗಳ ಸಾರುವೆ ಕಟ್ಟುತ್ತಾರಲ್ಲ, ಹಾಗೆ ಮಗುವಿಗೆ ಲೆಕ್ಕ ಹತ್ತುವ ತನಕ ಆಸರೆ ಕಟ್ಟಿಕೊಡಬೇಕು, ಹತ್ತಿದ ಮೇಲೆ ಒಂದೊಂದೇ ಗಳ ಬಿಚ್ಚಬೇಕು ಎನ್ನುವುದು ಆ ಕಡೆಯ ಟೀಚರುಗಳು ತರಬೇತಿಯಲ್ಲಿ ಉರು ಹೊಡೆಯುವ ತತ್ವ. ರೋಂಡಾಳ ಸಾರುವೆ ಮೂರು ಬಣ್ಣದ ಚೀಟಿಗಳು. ಕೆಂಪಿನಲ್ಲಿ ಲೆಕ್ಕ ಪೂರ್ತಿ ಬಿಡಿಸಿರುತ್ತದೆ, ಹಳದಿಯಲ್ಲಿ ಅರ್ಧ ಬಿಡಿಸಿ ಉಳಿದದ್ದಕ್ಕೆ ಜಾಗ ಖಾಲಿ ಬಿಟ್ಟಿರುತ್ತದೆ, ಹಸಿರಿನಲ್ಲಿ ಒಂದು ಸುಳಿವು ಮಾತ್ರ. ಮಕ್ಕಳನ್ನು ಕೆಂಪಿನಿಂದ ಹಳದಿಗೆ, ಹಳದಿಯಿಂದ ಹಸಿರಿಗೆ ಇಳಿಸಿ ಕೊನೆಗೆ ಬರಿಗೈಯಲ್ಲಿ ನಿಲ್ಲಿಸಬೇಕು. ಕಟ್ಟುವುದು ಅವಳಿಗೆ ಬಹಳ ಚೆನ್ನಾಗಿ ಬರುತ್ತಿತ್ತು. ಬಿಚ್ಚುವುದಕ್ಕೆ ಮಾತ್ರ ಮನಸ್ಸಾಗುತ್ತಿರಲಿಲ್ಲ. ಮಗು ಒಂದು ಕ್ಷಣ ತಡವರಿಸಿತೋ ಇಲ್ಲವೋ, ಚೀಟಿ ಮೇಜಿನ ಮೇಲೆ ಬಂದು ಬೀಳುತ್ತಿತ್ತು. ಅದಕ್ಕೆ ಮಕ್ಕಳು "ಥ್ಯಾಂಕ್ಯೂ ಮಿಸ್" ಅನ್ನುತ್ತಿದ್ದರು, ಆ ಮಾತು ಕೇಳುವುದು ಅವಳಿಗೆ ಚಟವಾಗಿತ್ತು.

ಪಕ್ಕದ ಕೋಣೆಯ ಗಸ್ ಪೆಲ್ಕಿ ಮೂವತ್ತು ವರ್ಷದಿಂದ ಅಲ್ಲೇ ರೇಖಾಗಣಿತ ಹೇಳಿಕೊಂಡು ಬಂದವನು, ಬರುವ ಜೂನ್‌ಗೆ ನಿವೃತ್ತಿ. ಕಾಫಿ ಲೋಟ ಹಿಡಿದುಕೊಂಡು ಅವಳ ಬಾಗಿಲಿಗೆ ಒರಗಿ ನಿಂತು ಕಾಲೆಳೆಯುವುದು ಅವನ ನಿತ್ಯದ ಕೆಲಸ.

"ಏನಮ್ಮಣ್ಣಿ, ನೀನು ಕಟ್ಟಿರೋದು ಮನೆನಾ ಬರೀ ಸಾರುವೆನಾ? ಹೊರಗಡೆಯಿಂದ ನೋಡಿದ್ರೆ ಗಳ ಒಂದೇ ಕಾಣ್ತದೆ."

"ನಿಮ್ಮ ಕ್ಲಾಸಲ್ಲಿ ಅರ್ಧ ಜನ ಫೇಲು ಗಸ್. ನನ್ನ ಕ್ಲಾಸಲ್ಲಿ ಯಾರೂ ಇಲ್ಲ."

"ನಿನ್ನ ಕ್ಲಾಸಲ್ಲಿ ಪಾಸಾಗ್ತಿರೋದು ಚೀಟಿ ಕಣಮ್ಮ," ಎಂದು ಹೇಳಿ ಅವನು ಕಾಫಿ ಹೀರುತ್ತ ಹೊರಟುಹೋಗುತ್ತಿದ್ದ.

ಡಾರಿನ್ ಲುಟ್ಕೆ ಎನ್ನುವ ಹುಡುಗ ಅವಳ ತರಗತಿಯಲ್ಲಿ ಎಲ್ಲರಿಗಿಂತ ಹಿಂದೆ. ಉದ್ದನೆಯ ಕೈಕಾಲು, ಸದಾ ಸೋದರಮಾವನ ಕೊಟ್ಟಿಗೆಯ ವಾಸನೆ ಹೊಡೆಯುವ ಕೋಟು. ಬೆಳಿಗ್ಗೆ ಹಾಲು ಕರೆಯುವ ಮೆಷಿನ್ ತೊಳೆದು, ಟ್ಯಾಂಕಿಗೆ ಹಾಲು ಹರಿಸಿ ಆಮೇಲೆ ಶಾಲೆಗೆ ಬರುತ್ತಿದ್ದ. ಮಾತು ಕಡಿಮೆ. ಬಾಯಿಬಿಟ್ಟರೆ ಎಂಜಿನ್ ವಿಷಯ. ಪಕ್ಕದ ಊರಿನ ಟೆಕ್ನಿಕಲ್ ಕಾಲೇಜಿನವರು ಹೈಸ್ಕೂಲಿನ ಹುಡುಗರನ್ನು ಮಧ್ಯಾಹ್ನದ ಹೊತ್ತು ಡೀಸೆಲ್ ಮೆಕ್ಯಾನಿಕ್ ತರಬೇತಿಗೆ ಸೇರಿಸಿಕೊಳ್ಳುತ್ತಿದ್ದರು. ಅಲ್ಲಿ ಒಂದು ಸೀಟು ಸಿಕ್ಕರೆ ಶಾಲೆ ಮುಗಿಯುವಷ್ಟರಲ್ಲಿ ಕೈಯಲ್ಲಿ ಕಸುಬು. ಡಾರಿನ್ ಅದರ ಸಂದರ್ಶನದಲ್ಲಿ ಪಾಸಾಗಿದ್ದ, ಹೆಸರು ಪಟ್ಟಿಯಲ್ಲಿತ್ತು. ಆದರೆ ಜನವರಿಯಲ್ಲಿ ಬೀಜಗಣಿತ ಪಾಸಾಗಿರಬೇಕು ಎಂದು ಒಂದು ಷರತ್ತು. ಪಾಸಾಗದಿದ್ದರೆ ಸೀಟು ಮುಂದಿನವನಿಗೆ, ಮತ್ತೆ ಕೇಳುವಂತಿಲ್ಲ.

"ಆಗತ್ತಾ ಮಿಸ್ ನನ್ ಕೈಲಿ?" ಎಂದು ಅವನು ಶರತ್ಕಾಲದಲ್ಲೇ ಕೇಳಿದ್ದ.

"ನಾನಿದೀನಲ್ಲ ಕಣೋ," ಎಂದಿದ್ದಳು ರೋಂಡಾ. ಹುಡುಗ ಆ ಮಾತನ್ನು ನಂಬಿದ.

ಡಿಸೆಂಬರಿನಲ್ಲಿ ಜಿಲ್ಲಾ ಶಿಕ್ಷಣ ಕಚೇರಿಯಿಂದ ಡಾಕ್ಟರ್ ಆಲ್ಡ್ರಿಚ್ ಎನ್ನುವವನು ಬರುತ್ತಾನೆ ಎಂದು ಸುದ್ದಿಯಾಯಿತು. ಟೀಚರುಗಳಿಗೆ ಅಂಕ ಹಾಕುವುದೇ ಅವನ ಉದ್ಯೋಗ, ರೋಂಡಾಳ ಕೆಲಸ ಕಾಯಂ ಆಗುವುದು ಬಿಡುವುದು ಅವನ ಕೈಯಲ್ಲಿತ್ತು. ಅವನು ಹಿಂದೆ ಇತಿಹಾಸ ಹೇಳಿಕೊಡುತ್ತಿದ್ದವನು, ಗಣಿತ ಅವನಿಗೆ ಅಷ್ಟಕ್ಕಷ್ಟೆ. ಆದರೆ ಪಾಠ ಹೇಗಿರಬೇಕು ಎನ್ನುವುದರ ಬಗ್ಗೆ ಅವನಷ್ಟು ಗೊತ್ತಿದ್ದವರು ಜಿಲ್ಲೆಯಲ್ಲಿ ಇನ್ನೊಬ್ಬರಿರಲಿಲ್ಲ, ಹಾಗಂತ ಅವನೇ ಹೇಳುತ್ತಿದ್ದ. ಫೋನಿನಲ್ಲಿ ಅವನ ಸ್ವರ ಬೆಣ್ಣೆಯಷ್ಟು ಮೆತ್ತಗಿತ್ತು.

"ಸಾರುವೆ ಕಟ್ಟೋದು ಎಲ್ಲರೂ ತೋರಿಸ್ತಾರೆ ಮಿಸೆಸ್ ವೀಗಂಡ್. ನಂಗೆ ಬಿಚ್ಚೋದು ನೋಡಬೇಕು. ನಿಮ್ಮ ಕ್ಲಾಸಿನ ಅತ್ಯಂತ ವೀಕ್ ಹುಡುಗನ್ನ ಬೋರ್ಡಿಗೆ ಕರೀರಿ. ಚೀಟಿ ಇಲ್ಲ, ಏನೂ ಇಲ್ಲ. ಅವನು ಯೋಚನೆ ಮಾಡ್ತಿರುವಾಗ ನೀವು ಮಧ್ಯೆ ಬಾಯಿ ಹಾಕಿದ್ರೆ ಅದಕ್ಕಿಂತ ದೊಡ್ಡ ತಪ್ಪು ನಮ್ಮ ಲೆಕ್ಕದಲ್ಲಿ ಇಲ್ಲ. ನಿಜವಾಗ್ಲೂ ಎಡವಿ ಬಿದ್ರೆ ಆಸರೆ ಕೊಡಿ, ಅದು ಬೇರೆ."

ರೋಂಡಾ ಫೋನಿಟ್ಟವಳೇ ಚೀಟಿಗಳ ಕಟ್ಟು ತೆಗೆದು ನೋಡಿದಳು. ಮೂರು ತಿಂಗಳಲ್ಲಿ ಡಾರಿನ್ ಹಳದಿ ಚೀಟಿಯಿಂದ ಕೆಳಗೆ ಇಳಿದಿರಲಿಲ್ಲ, ಇಳಿಸಿದವರೂ ಇರಲಿಲ್ಲ.

ಆಗ ಅವಳು ಪಾಠ ಹೇಳುವ ಕಸುಬಿನವರು ಮಾತ್ರ ಮಾಡುವ ಒಂದು ತಪ್ಪು ಮಾಡಿದಳು. ಗೋಡೆ ಎದ್ದಿಲ್ಲ, ತಪಾಸಣೆಯವನು ಬರುತ್ತಿದ್ದಾನೆ, ಸರಿ, ಗೋಡೆಯ ಚಿತ್ರ ಬರೆದು ನಿಲ್ಲಿಸೋಣ ಎಂದುಕೊಂಡಳು. ಊಟದ ಹೊತ್ತಿನಲ್ಲಿ ಡಾರಿನ್‌ನನ್ನು ಕೂರಿಸಿಕೊಂಡು ಒಂದೇ ಒಂದು ಲೆಕ್ಕವನ್ನು ದಿನಾ ಬರೆಸಿದಳು. ಒಂದು ತೊಟ್ಟಿಯಲ್ಲಿ ನಲವತ್ತು ಗ್ಯಾಲನ್ ನೀರಿದೆ, ನಿಮಿಷಕ್ಕೆ ಆರರಂತೆ ತುಂಬುತ್ತಿದೆ. ಇನ್ನೊಂದರಲ್ಲಿ ನೂರಿದೆ, ನಿಮಿಷಕ್ಕೆ ನಾಲ್ಕರಂತೆ ಸೋರುತ್ತಿದೆ. ಎಷ್ಟು ನಿಮಿಷಕ್ಕೆ ಎರಡೂ ಸಮ? ಮೊದಲ ತೊಟ್ಟಿಗೊಂದು ಸಾಲು, ಎರಡನೆಯದಕ್ಕೊಂದು ಸಾಲು, ನಡುವೆ ಸಮ ಚಿಹ್ನೆ, ಎರಡೂ ಕಡೆ ಕೂಡಿಸು, ಭಾಗಿಸು, ಉತ್ತರ ಆರು. ಹುಡುಗ ನಿದ್ದೆಯಲ್ಲೂ ಹೇಳುವಂತಾದ.

"ಅವತ್ತೂ ಇದೇ ಲೆಕ್ಕನಾ ಮಿಸ್?"

"ಇದೇ. ಯಾರ ಹತ್ರನೂ ಹೇಳ್ಬೇಡ."

"ನಾನ್ಯಾಕೆ ಹೇಳ್ಲಿ," ಎಂದ ಡಾರಿನ್. ಆಮೇಲೆ ಪೆನ್ಸಿಲ್ ತಡೆದು, "ಆದ್ರೆ ಮಿಸ್, ಇದಕ್ಕೆ ಇಷ್ಟೆಲ್ಲಾ ಬರೀಬೇಕಾ? ನಮ್ ಮಾವನ ಟ್ಯಾಂಕಲ್ಲಿ..." ಎಂದು ಶುರು ಮಾಡಿದ.

"ಟ್ಯಾಂಕ್ ಆಮೇಲೆ. ಈಗ ಮೂರನೇ ಸಾಲು ಬರಿ," ಎಂದಳು ರೋಂಡಾ.

ಆಲ್ಡ್ರಿಚ್ ಗುರುವಾರ ಬಂದ. ಬೂಟಿನ ಹಿಮ ಕೊಡವಿಕೊಂಡು ಹಿಂದಿನ ಸಾಲಿನಲ್ಲಿ ಕುಳಿತ. ತೊಡೆಯ ಮೇಲೆ ಕಂಪ್ಯೂಟರ್, ಮುಖದ ಮೇಲೆ ನಗು. ಮಕ್ಕಳು ಬಾಲ ಮುದುರಿಕೊಂಡು ಕುಳಿತಿದ್ದರು. ರೋಂಡಾ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ಡಾರಿನ್‌ನನ್ನು ಕರೆದಳು. ಹುಡುಗ ಅಂಗಿ ಒಗೆಸಿಕೊಂಡು, ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು ಬಂದಿದ್ದ. ಅವನಿಗೂ ಈ ದಿನ ತನ್ನದೇ ಪರೀಕ್ಷೆ ಎನ್ನಿಸಿತ್ತು, ಅದು ಸುಳ್ಳೂ ಅಲ್ಲ.

ಅವನು ಮಾರ್ಕರ್ ತೆಗೆದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಬೆಣ್ಣೆಯ ಸ್ವರ ಬಂತು.

"ಒಂದು ನಿಮಿಷ. ಆ ಎರಡನೇ ತೊಟ್ಟಿ ಸೋರೋದು ಬೇಡ ಅನ್ಸತ್ತೆ. ಅದಕ್ಕೂ ನೀರು ಬರ್ತಾ ಇರ್ಲಿ. ನಿಮಿಷಕ್ಕೆ ಎರಡು ಗ್ಯಾಲನ್. ಏನಂತೀರಿ ಮಿಸೆಸ್ ವೀಗಂಡ್?"

ರೋಂಡಾ ಏನನ್ನುತ್ತಾಳೆ. ನಗುತ್ತ ತಲೆಯಾಡಿಸಿ ಬೋರ್ಡಿನ ಮೇಲೆ ತಿದ್ದಿದಳು. 

ಡಾರಿನ್ ಬೋರ್ಡನ್ನು ನೋಡುತ್ತ ನಿಂತ. ಉರು ಹೊಡೆದದ್ದು ಈಗ ಕೆಲಸಕ್ಕೆ ಬರುವುದಿಲ್ಲ ಎಂದು ಅವನಿಗೆ ತಿಳಿಯಿತು.  ಆಮೇಲೆ ಎರಡು ತೊಟ್ಟಿಯ ಚಿತ್ರ ಬರೆದ, ನಡುವೆ ಅರವತ್ತು ಎಂದು ಬರೆದ. ಅದರ ಕೆಳಗೆ ಐವತ್ತಾರು. ಅದರ ಕೆಳಗೆ ಐವತ್ತೆರಡು.

"ಇವ್ನೇನು ಹಿಂದಕ್ಕೆ ಎಣಿಸ್ತಿದಾನೆ, ರಾಕೆಟ್ ಬಿಡ್ತಾನಾ?" ಎಂದಳು ಮುಂದಿನ ಸಾಲಿನ ಕೆಲ್ಸಿ ಎನ್ನುವ ಹುಡುಗಿ. ತರಗತಿ ಕಿಸಕ್ಕೆಂದು ನಕ್ಕಿತು. ಆಲ್ಡ್ರಿಚ್ ಕೂಡ ತುಟಿಯಂಚಿನಲ್ಲಿ ನಕ್ಕು ಹುಬ್ಬು ಮೇಲೆ ಮಾಡಿದ. ಅವನಿಗೆ ಅಲ್ಲಿ ಏನು ನಡೆಯುತ್ತಿದೆ ಎಂದು ಒಂದಿಷ್ಟೂ ಗೊತ್ತಾಗಿರಲಿಲ್ಲ.

ರೋಂಡಾಗೆ ಗೊತ್ತಾಯಿತು. ಎರಡು ತೊಟ್ಟಿಗೂ ನಡುವಿನ ಅಂತರ ಅರವತ್ತು. ಮೊದಲನೆಯದು ನಿಮಿಷಕ್ಕೆ ಆರು ಏರುತ್ತದೆ, ಎರಡನೆಯದು ಎರಡು, ಹಾಗಾಗಿ ಅಂತರ ನಿಮಿಷಕ್ಕೆ ನಾಲ್ಕು ಕುಗ್ಗುತ್ತದೆ. ಅರವತ್ತರಲ್ಲಿ ನಾಲ್ಕು ಎಷ್ಟು ಸಲ ಎಂದು ಹುಡುಗ ಈಗ ಕೇಳಿಕೊಳ್ಳುತ್ತಾನೆ, ಹದಿನೈದು ಎಂದು ಬರೆಯುತ್ತಾನೆ, ಮುಗಿಯಿತು. ಅವಳು ಮೂರು ತಿಂಗಳು ಕಟ್ಟಿದ್ದ ಒಂದು ಗಳವನ್ನೂ ಮುಟ್ಟದೆ ಹುಡುಗ ತಾನಾಗಿ ಮೇಲೆ ಹತ್ತುತ್ತಿದ್ದ. ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ನಿಮಿಷ ಸುಮ್ಮನೆ ನಿಲ್ಲುವುದು.

ಆದರೆ ಆಲ್ಡ್ರಿಚ್ ಬೆರಳಿನಿಂದ ಕಂಪ್ಯೂಟರಿನ ಅಂಚು ಬಡಿಯುತ್ತಿದ್ದ. ಅವನ ಮುಖದಲ್ಲಿ ನಗು ಸಣ್ಣದಾಗುತ್ತಿತ್ತು. ಎಲ್ಲಿ ನಿಮ್ಮ ಸಾಲುಗಳು, ಎಲ್ಲಿ ಸಮ ಚಿಹ್ನೆ, ಇಷ್ಟು ದಿನ ಏನು ಕಲಿಸಿದಿರಿ ಎಂದು ಆ ಮುಖ ಕೇಳುವಂತೆ ಅವಳಿಗೆ ಕಂಡಿತು. ಹುಡುಗ ಗೆದ್ದರೂ ಅದು ತನ್ನ ಪಾಠದ ಗೆಲುವಲ್ಲ ಎಂಬ ಯೋಚನೆ ಕೂಡ ಬಂತು. ಅದು ಬಂದದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ನಾಚಿಕೆಯಾದರೂ ಕೈ ಜೇಬಿಗೆ ಹೋಗಿ ಹಳದಿ ಚೀಟಿ ತೆಗೆಯಿತು.

"ಪರವಾಗಿಲ್ಲ ಡಾರಿನ್. ಅದನ್ನ ಅಲ್ಲೇ ಬಿಡು. ಮೊದಲಿಂದ ಶುರು ಮಾಡೋಣ."

"ಮಿಸ್, ಇನ್ನೊಂಚೂರು..."

"ಗಾಬರಿ ಆಗ್ಬೇಡ. ಇಲ್ನೋಡು, ಮೊದಲ ತೊಟ್ಟಿಗೆ ಒಂದು ಸಾಲು. ನಲವತ್ತು, ಆಮೇಲೆ?"

ಅವನು ಗಾಬರಿಯಾಗಿರಲಿಲ್ಲ. ಗಾಬರಿಯಾಗಬೇಡ ಎಂದು ಕೇಳಿದ ಮೇಲೆ ಆದ. ಚೀಟಿಯನ್ನು ನೋಡಿದ, ತಾನು ಬರೆದ ಐವತ್ತೆರಡನ್ನು ನೋಡಿದ, ಮತ್ತೆ ಚೀಟಿಯನ್ನು ನೋಡಿದ. ಮಾರ್ಕರ್ ಪಕ್ಕಕ್ಕೆ ಸರಿಯಿತು. ಊಟದ ಹೊತ್ತಿನಲ್ಲಿ ಬರೆದು ಬರೆದು ಕೈಗೆ ರೂಢಿಯಾಗಿದ್ದ ಸಾಲುಗಳನ್ನು ಬರೆಯುತ್ತ ಹೋದ, ಸೋರುವ ತೊಟ್ಟಿಯ ಸಾಲನ್ನೂ ಹಾಗೇ ಬರೆದ. ಕೊನೆಗೆ ಸಣ್ಣ ದನಿಯಲ್ಲಿ "ಆರು" ಎಂದ.

ತರಗತಿ ಈ ಸಲ ಗೊಳ್ಳೆಂದು ನಕ್ಕಿತು. "ರಾಕೆಟ್ ಬಿತ್ತು," ಎಂದಳು ಕೆಲ್ಸಿ.

"ಅಲ್ಲ ಅಲ್ವಾ ಮಿಸ್?" ಎಂದ ಡಾರಿನ್. ಕಿವಿ ಕೆಂಪಾಗಿತ್ತು.

"ಪ್ರಯತ್ನ ಚೆನ್ನಾಗಿತ್ತು. ಹೋಗಿ ಕೂತ್ಕೋ," ಎಂದಳು ರೋಂಡಾ. ಆ ಆರು ಹಳೆಯ ಲೆಕ್ಕದ ಉತ್ತರ ಎನ್ನುವುದು ಆಲ್ಡ್ರಿಚ್‌ಗೆ ಹೊಳೆಯದಿರಲಿ ಎಂದು ಆ ಹೊತ್ತಿನಲ್ಲಿ ಅವಳು ದೇವರನ್ನು ಬೇಡಿಕೊಂಡಳು. ದೇವರು ಇಂಥದ್ದನ್ನೆಲ್ಲ ಬೇಗ ನಡೆಸಿಕೊಡುತ್ತಾನೆ.

ಮಕ್ಕಳು ಹೋದ ಮೇಲೆ ಆಲ್ಡ್ರಿಚ್ ಕೋಟು ಹಾಕಿಕೊಳ್ಳುತ್ತ ಅವಳ ಕೈ ಕುಲುಕಿದ.

"ಹುಡುಗ ದಾರಿ ತಪ್ಪಿದ ಗಳಿಗೇಲೇ ಹಿಡ್ಕೊಂಡ್ರಿ. ಒಂದು ಕ್ಷಣ ತಡ ಇಲ್ಲ, ಒಂದು ಕ್ಷಣ ಮೊದಲೂ ಇಲ್ಲ. ನಾನು ಪೂರ್ತಿ ಅಂಕ ಕೊಡ್ತಿದೀನಿ."

"ಥ್ಯಾಂಕ್ಯೂ ಡಾಕ್ಟರ್."

"ಅವನು ದಾರಿ ತಪ್ಪಿದ್ದು ಹೌದು ತಾನೆ? ಆ ಅರವತ್ತು, ಐವತ್ತಾರು... ನಂಗೇನೂ ಅರ್ಥ ಆಗ್ಲಿಲ್ಲ."

ಇಲ್ಲೂ ಒಂದು ಬಾಗಿಲು ತೆರೆದಿತ್ತು. ಹುಡುಗ ಸರಿಯಾಗಿದ್ದ ಎಂದರೆ, ಯೋಚಿಸುತ್ತಿದ್ದ ಮಗುವಿನ ಬಾಯಿ ಮುಚ್ಚಿಸಿದೆ ಎಂದು ತಾನೇ ಒಪ್ಪಿಕೊಂಡ ಹಾಗೆ. ಅದಕ್ಕಿಂತ ದೊಡ್ಡ ತಪ್ಪು ಇವನ ಲೆಕ್ಕದಲ್ಲಿ ಇಲ್ಲ.

"ಹೌದು. ಸುಮ್ನೆ ಏನೋ ಬರೀತಿದ್ದ ಪಾಪ," ಎಂದಳು ರೋಂಡಾ. ಆ ಪಾಪ ಎನ್ನುವ ಮಾತು ಅವಳ ಬಾಯಿಂದ ಎಷ್ಟು ಮೃದುವಾಗಿ ಬಂತೆಂದರೆ ಆಲ್ಡ್ರಿಚ್ ಕರಗಿಹೋದ.

"ಹಾಗಾದ್ರೆ ಅವನನ್ನ ಜನವರಿ ಪರೀಕ್ಷೆಗೆ ಕೂರಿಸೋದು ಅನ್ಯಾಯ. ಆಸರೆ ತರಗತಿಗೆ ಹಾಕ್ಬಿಡಿ. ನೀವು ಶಿಫಾರಸು ಮಾಡಿದ್ರೆ ಸಾಕು. ನಾನು ಬರೆಯೋದ್ರಲ್ಲಿ ಅದನ್ನೂ ಸೇರಿಸ್ತೀನಿ, ನಿಮ್ಮ ವಿವೇಚನೆಗೆ ಸಾಕ್ಷಿ."

ಆಸರೆ ತರಗತಿಯೆಂದರೆ ಬೀಜಗಣಿತ ಇಲ್ಲ. ಬೀಜಗಣಿತ ಇಲ್ಲವೆಂದರೆ ಡೀಸೆಲ್ ಸೀಟು ಇಲ್ಲ. ಆಲ್ಡ್ರಿಚ್‌ಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದವಳು "ಆಗಲಿ" ಎಂದಳು.

ಅವನು ಹೋದ ಮೇಲೆ ಗಸ್ ಎಂದಿನಂತೆ ಲೋಟ ಹಿಡಿದು ಬಂದ. ಬೋರ್ಡಿನತ್ತ ನೋಡಿ ಕನ್ನಡಕ ಏರಿಸಿದ.

"ಇದ್ಯಾರು ಅಂತರ ಹಿಡಿದು ಬಿಡಿಸಿದ್ದು? ಶಭಾಷ್. ಇನ್ನೊಂದು ಹೆಜ್ಜೆ ಇತ್ತು ಅಷ್ಟೇ."

"ಯಾರೂ ಬಿಡಿಸಿಲ್ಲ. ಡಾರಿನ್ ಗೀಚಿದ್ದು."

"ಮತ್ತೆ ಪಕ್ಕದಲ್ಲಿ ಈ ಸೋರೋ ತೊಟ್ಟಿ ಎಲ್ಲಿಂದ ಬಂತು? ಪ್ರಶ್ನೇಲಿ ಸೋರ್ತಾನೇ ಇಲ್ವಲ್ಲ." ಗಸ್ ಅವಳ ಮುಖ ನೋಡಿದ, ಅವಳ ಜೇಬಿನಿಂದ ಇಣುಕುತ್ತಿದ್ದ ಹಳದಿ ಚೀಟಿ ನೋಡಿದ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನಿಗೆ ಅಷ್ಟು ಸಾಕಿತ್ತು. "ಓಹೋ. ಹಂಗೋ."

"ಏನು ಹಂಗೆ?"

"ಏನಿಲ್ಲಮ್ಮ. ಜೂನ್ ಬಂದ್ರೆ ನಾನು ಕೆರೆ ಮೇಲೆ ದೋಣೀಲಿ ಕೂತು ಗಾಳ ಹಾಕ್ತಿರ್ತೀನಿ. ನಂಗ್ಯಾಕೆ ಊರ ಉಸಾಬರಿ." ಲೋಟದ ತಳ ನೋಡಿಕೊಂಡು ಅವನು ಹೊರಟುಹೋದ. ಅಷ್ಟು ಹರಿತವಾದ ನಾಲಿಗೆ ಬೇಕಾದ ಒಂದೇ ಹೊತ್ತಿನಲ್ಲಿ ಮೊಂಡಾಯಿತು. ಅಂಥವರಿಂದ ಊರಿಗೆ ಆಗುವ ಉಪಕಾರ ಇಷ್ಟೇ. ರೋಂಡಾ ಡಸ್ಟರ್ ತೆಗೆದುಕೊಂಡು ಅರವತ್ತನ್ನು, ಐವತ್ತಾರನ್ನು, ಐವತ್ತೆರಡನ್ನು ಒರೆಸಿದಳು.

ಮರುದಿನ ಶುಕ್ರವಾರ ಸಂಜೆ ಡಾರಿನ್‌ನ ತಾಯಿ ಶೆರಿಯನ್ನು ಕರೆಸಿದ್ದರು. ಮಗುವನ್ನು ಆಸರೆ ತರಗತಿಗೆ ಹಾಕಲು ತಾಯಿಯ ಒಪ್ಪಿಗೆ ಬೇಕು. ಶೆರಿ ಚೀಸ್ ಕಾರ್ಖಾನೆಯ ಪಾಳಿ ಮುಗಿಸಿ ನೇರ ಬಂದಿದ್ದಳು, ತಲೆಗೆ ಕಟ್ಟುವ ಬಲೆಯ ಗುರುತು ಹಣೆಯ ಮೇಲೆ ಇನ್ನೂ ಇತ್ತು. ಮಕ್ಕಳ ಕುರ್ಚಿಯಲ್ಲಿ ಮುದುಡಿಕೊಂಡು ಕುಳಿತಳು. ಪಕ್ಕದಲ್ಲಿ ಡಾರಿನ್.

"ನೋಡಿ, ನಂಗೆ ಲೆಕ್ಕ ಗಿಕ್ಕ ಗೊತ್ತಾಗಲ್ಲ," ಎಂದಳು ಶೆರಿ. "ಅವ್ರಪ್ಪನಿಗೂ ಬರ್ತಿರ್ಲಿಲ್ಲ. ಆದ್ರೆ ಇವ್ನು ಆ ಡೀಸೆಲ್ ಸೀಟಿಗೆ ಎಷ್ಟು ಆಸೆ ಇಟ್ಕೊಂಡಿದಾನೆ ಅಂದ್ರೆ, ಈಗಾಗಲೇ ಕೆಲಸದ ಬೂಟು ತಗೊಂಡಿದಾನೆ. ಒಂದೇ ಮಾತು ಹೇಳಿ. ಇವ್ನ ಕೈಲಿ ಆಗತ್ತೋ ಇಲ್ವೋ? ಆಗತ್ತೆ ಅಂದ್ರೆ ನಾನು ಒಪ್ಪಲ್ಲ, ಪರೀಕ್ಷೆಗೆ ಕೂರಿಸ್ತೀನಿ. ಇಲ್ಲ ಅಂದ್ರೆ ಒಪ್ಕೋತೀನಿ. ಇವನನ್ನ ನಿಮ್ಮಷ್ಟು ಬಲ್ಲವರು ಯಾರೂ ಇಲ್ಲ."

ರೋಂಡಾ ಅವಳ ಕೈಮೇಲೆ ಕೈಯಿಟ್ಟಳು.

"ನಾನು ಬಹಳ ಪ್ರಯತ್ನ ಪಟ್ಟೆ ಶೆರಿ. ಆಗಲ್ಲ."

ಶೆರಿ ಕಣ್ಣು ಕೆಳಗೆ ಮಾಡಿದಳು. ಆಗ ಡಾರಿನ್ ಬಾಯಿಬಿಟ್ಟ. ಊಟದ ಹೊತ್ತಿನ ಗುಟ್ಟನ್ನು ಅವನು ಹೇಳಲಿಲ್ಲ, ಮಾತು ಕೊಟ್ಟಿದ್ದನಲ್ಲ.

"ಮಿಸ್, ನಿನ್ನೆ ನಾನು ಚಿತ್ರ ಬರ್ದೆನಲ್ಲ. ಆಗ ನಂಗೆ ತಲೇಲಿ ಹದಿನೈದು ಅಂತ ಬಂದಿತ್ತು. ಅಂತರ ನಾಲ್ಕು ನಾಲ್ಕೇ ಕಮ್ಮಿ ಆಗತ್ತಲ್ಲ ಅದಕ್ಕೆ. ಅದು ಸರಿ ಇತ್ತಾ?"

ಶೆರಿ ತಲೆಯೆತ್ತಿದಳು.  ಹೌದು ಎಂದು ಒಂದು ಮಾತು ಸಾಕಿತ್ತು. ಇದನ್ನು ಬರೆಯುವಾಗಲೂ ಆ ಹೆಂಗಸು ಹೌದು ಎನ್ನಲಿ ಎಂದು ನನಗೆ ಅನ್ನಿಸುತ್ತದೆ.

"ಅದು ಊಹೆ ಕಣೋ," ಎಂದಳು ರೋಂಡಾ. ತುಂಬ ತಾಳ್ಮೆಯಿಂದ, ಒಂದು ಲೆಕ್ಕವನ್ನು ಬಿಡಿಸಿ ಹೇಳುವಾಗಿನ ದನಿಯಲ್ಲೇ ಹೇಳಿದಳು. "ಸೋತ ಮೇಲೆ ಎಲ್ಲರಿಗೂ ಹಾಗನ್ಸತ್ತೆ, ಆಗ್ಲೇ ಗೊತ್ತಿತ್ತು ಅಂತ. ನಿಂಗೆ ಗೊತ್ತಿದೆ ಅನ್ಸೋದನ್ನ ನಂಬಬಾರದು. ನಿನ್ನ ತಲೆ ನಿಂಗೆ ಮೋಸ ಮಾಡತ್ತೆ. ಅದಕ್ಕೇ ಆಸರೆ ತರಗತಿ ಇರೋದು."

ಡಾರಿನ್ ಅದನ್ನು ಕೇಳಿಸಿಕೊಂಡ. ಯೋಚಿಸಿದ. ಮಿಸ್ ಯಾವತ್ತೂ ತನ್ನ ಮೇಲೆ ರೇಗಿದವಳಲ್ಲ, ಕೈಗವಸು ಕೊಟ್ಟವಳು, ಊಟ ಬಿಟ್ಟು ಹೇಳಿಕೊಟ್ಟವಳು. ಅವಳು ಹೇಳಿದ ಮೇಲೆ ಮುಗಿಯಿತು. "ಸಾರಿ ಮಿಸ್. ನಿಮ್ಗೆ ಅವರ ಮುಂದೆ ಅವಮಾನ ಮಾಡ್ಬಿಟ್ಟೆ," ಎಂದ.

"ಛೆ, ಅದೆಲ್ಲ ಏನೂ ಇಲ್ಲ," ಎಂದಳು ರೋಂಡಾ.

ಶೆರಿ ಸಹಿ ಹಾಕಿದಳು. "ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ, ಇಂಥ ಟೀಚರ್ ಯಾರಿಗೆ ಸಿಗ್ತಾರೆ," ಎಂದು ಎದ್ದು ಮೂಗು ಒರೆಸಿಕೊಂಡಳು. ಆಮೇಲೆ ಹುಡುಗನನ್ನು ಹೇಗಾದರೂ ಗೆಲುವಾಗಿಸಬೇಕೆಂದು ಅವನ ಭುಜ ತಟ್ಟಿದಳು.

"ಬಾರೋ. ಶುಕ್ರವಾರ ಅಲ್ವಾ, ಊರವರಿಗೆಲ್ಲ ಅಂತ ಬಾರ್‌ನಲ್ಲಿ ಮೀನು ಕರೀತಿರ್ತಾರೆ. ತಿನ್ಕೊಂಡೇ ಹೋಗೋಣ. ಹಸಿವಾಗಿದ್ಯಾ ನಿಂಗೆ?"

ಡಾರಿನ್ ತಾಯಿಯತ್ತ ನೋಡಲಿಲ್ಲ. ಉತ್ತರಕ್ಕಾಗಿ ರೋಂಡಾಳ ಮುಖವನ್ನು ನೋಡಿದ. ಹಸಿವಾಗಿದೆಯೋ ಇಲ್ಲವೋ ಎಂದು ಅವಳೇ ಹೇಳಬೇಕು ಎನ್ನುವ ಹಾಗೆ ನೋಡುತ್ತ ನಿಂತ. ಶೆರಿ ಇಬ್ಬರನ್ನೂ ನೋಡಿದಳು, ಅವಳಿಗೆ ಏನೂ ತಿಳಿಯಲಿಲ್ಲ.

ರೋಂಡಾ ನಕ್ಕು, ಹೌದೆಂದು ತಲೆಯಾಡಿಸಿದಳು.

"ಹೂಂ ಅಮ್ಮ, ಆಗಿದೆ," ಎಂದ ಡಾರಿನ್.